ಟೇಪು ಕತ್ತರಿಸುವವರೆಗೂ ತೆರೆಯದ ಶಿಶುಪಾಲನಾ ಕೇಂದ್ರ

ಕೋವಿಡ್ ಕಳೆದು ಮೈಸೂರಿನ ಸುತ್ತ ಕಟ್ಟಡದ ಕೆಲಸಗಳು ಮತ್ತೆ ಬಿರುಸಾದ ವರ್ಷ. ನಾನಾಗ ಸರ್ಕಾರಿ ಇಲಾಖೆಯೊಂದರಲ್ಲಿ ಮೇಲ್ವಿಚಾರಕಿ. ಬೋಗಾದಿಯಲ್ಲಿ ಗಾರೆ ಕೆಲಸಕ್ಕೆ ಬರುವ ತಾಯಂದಿರ ಮಕ್ಕಳಿಗೆ ಹಗಲು ಹೊತ್ತಿನ ಶಿಶುಪಾಲನಾ ಕೇಂದ್ರ ಮಾಡಲು ಮೂರು ಕಡೆಯವರು ಕೂಡಿದ್ದೆವು. ಬಡಾವಣೆಯ ನಿವಾಸಿಗಳ ಸಂಘ ಕೊಠಡಿ ಕೊಟ್ಟಿತು. ಒಂದು ಕಂಪನಿ ತನ್ನ ಸಿಎಸ್‌ಆರ್ ನಿಧಿಯಿಂದ, ಅಂದರೆ ಸಮಾಜದ ಕೆಲಸಕ್ಕೆಂದು ಎತ್ತಿಡುವ ಹಣದಿಂದ, ಬಣ್ಣ ಹೊಡೆಸಿ ತೊಟ್ಟಿಲು, ಆಟಿಕೆ ತಂದಿತು. ಆಯಾ ಮತ್ತು ಊಟ ನಮ್ಮ ಇಲಾಖೆಯದು. ಮೂವರ ನಡುವೆ ಓಡಾಡುವ ಕೆಲಸ ನನ್ನದು.

ಎದುರಿನ ಕಟ್ಟಡದಲ್ಲಿ ಮಹದೇವಿ ಎಂಬವಳು ಗಾರೆ ಹೊರುತ್ತಿದ್ದಳು. ಎಚ್.ಡಿ. ಕೋಟೆ ಕಡೆಯವಳು. ಆಗತಾನೆ ಹೆಜ್ಜೆ ಇಡಲು ಕಲಿತಿದ್ದ ಮಗಳನ್ನು ಸೀರೆಯ ತುಂಡಿನಿಂದ ಕಂಬಕ್ಕೆ ಕಟ್ಟಿರುತ್ತಿದ್ದಳು. ಬಿಟ್ಟರೆ ಪಕ್ಕದಲ್ಲೇ ಲಿಫ್ಟಿಗೆಂದು ತೋಡಿದ ಆಳದ ಗುಂಡಿ.

“ಮಗೀನ ಇನ್ನೊಂದ್ಸಲ ಇಲ್ಲಿ ಕಂಡ್ರೆ ನೀನೂ ಬರ್ಬ್ಯಾಡ ಅಂದವ್ನೆ ಮೇಸ್ತ್ರಿ. ನಿಮ್ಮ ಸ್ಕೂಲು ಯಾವಾಗ ತೆಗೀತದೆ ಅಮ್ಮಾವ್ರೆ?”

“ಎಲ್ಲಾ ತಯಾರು ಕಣಮ್ಮ, ಇನ್ನೇನು,” ಎಂದೆ. ಬಣ್ಣವೂ ಒಣಗಿತ್ತು, ಆಯಾಳೂ ಬಂದಾಗಿತ್ತು.

ಅಷ್ಟರಲ್ಲಿ ಆಷಾಢ ಬಂತು. “ಮಕ್ಕಳ ವಿಷಯ ಮೇಡಂ, ಶ್ರಾವಣದಲ್ಲಿ ಗಣಹೋಮ ಮಾಡ್ಸಿ ಶುರು ಮಾಡೋಣ,” ಎಂದರು ಸಂಘದ ಅಧ್ಯಕ್ಷರು. ಕೆಟ್ಟ ಮನುಷ್ಯರಲ್ಲ, ಕೊಠಡಿಗಾಗಿ ತಮ್ಮ ಸದಸ್ಯರೊಡನೆಯೇ ಜಗಳವಾಡಿದವರು. ಹೋಮವಾಯಿತು, ಕಂಪನಿಯ ದೊಡ್ಡವರು ಊರಲ್ಲಿರಲಿಲ್ಲ. ಅವರ ದಿನ ಸಿಕ್ಕಿತು. ನಮ್ಮ ಕಡೆಯ ಪ್ರೋಟೊಕಾಲ್ ಎದ್ದು ನಿಂತಿತು. ಆಹ್ವಾನದಲ್ಲಿ ಯಾರ ಹೆಸರು ಮೊದಲು, ವೇದಿಕೆಯಲ್ಲಿ ಯಾರ ಕುರ್ಚಿ ನಡುವೆ ಎಂಬ ಶಿಷ್ಟಾಚಾರವದು. ಅದು ಬಗೆಹರಿಯುವಷ್ಟರಲ್ಲಿ ದಸರಾ. ದಸರಾ ಅಂದ ಮೇಲೆ ಮೈಸೂರಿನಲ್ಲಿ ಬೇರೆ ಯಾವ ಕೆಲಸದ ಮಾತೂ ಆಡುವಂತಿಲ್ಲ.

ಸಮಾರಂಭ ಆಮೇಲಾಗಲಿ, ಮಕ್ಕಳನ್ನು ಈಗಲೇ ಒಳಗೆ ಬಿಡೋಣ ಎಂದು ಹೋಮವಾದ ಕೂಡಲೇ ಮೂವರನ್ನೂ ಕೂರಿಸಿ ಅಂಗಲಾಚಿದ್ದೆ.

“ಆಟದ ಸಾಮಾನು ಹಳೇದಾಗಿ ಕಂಡ್ರೆ ಹೆಡ್ ಆಫೀಸಿಗೆ ಉದ್ಘಾಟನೆ ಫೋಟೋ ಹೇಗ್ರೀ ಕಳಿಸೋದು?” ಎಂದರು ಕಂಪನಿಯ ಮ್ಯಾನೇಜರು.

“ಹೂಂ ಅಂದ್ಬಿಡ್ತೀನಿ. ಉದ್ಘಾಟನೆಗೆ ಮುಂಚೆ ಯಾಕೆ ತೆಗೆದ್ರಿ ಅಂತ ನಾಳೆ ನೋಟೀಸ್ ಬಂದ್ರೆ ನೀವು ತಗೋತೀರೇನ್ರೀ?” ಎಂದು ನಮ್ಮ ಅಧಿಕಾರಿ ನಕ್ಕರು.

ಯಾರೊಬ್ಬರು ಬೇಡವೆಂದರೂ ನಿಲ್ಲುವ ಕೆಲಸ, ನಾನೊಬ್ಬಳು ಬೇಕೆಂದರೆ ನಡೆಯುವಂತಿರಲಿಲ್ಲ.

ಅಂತೂ ಕಾರ್ತಿಕದಲ್ಲಿ ಟೇಪು ಕತ್ತರಿಸಿದರು. ಚಪ್ಪಾಳೆ, ಕೇಸರಿಬಾತು ಎಲ್ಲಾ ಆಯಿತು. ಗೇಟಿನ ಬಳಿ ಮಹದೇವಿ ಒಬ್ಬಳೇ ನಿಂತಿದ್ದಳು.

“ಮಗಳೆಲ್ಲಮ್ಮ? ಇವತ್ತಿಂದ್ಲೇ ಕರ್ಕೊಂಡು ಬಾ.”

“ಗೌರಿ ಹಬ್ಬಕ್ಕೆ ಹೋದೋಳು ನಮ್ಮವ್ವನ ತಾವೇ ಬುಟ್ಬುಟ್ಟು ಬಂದೆ. ಮೇಸ್ತ್ರಿ ಒಪ್ನಿಲ್ಲ.” ಕೈಗೆ ಮೆತ್ತಿದ್ದ ಸಿಮೆಂಟನ್ನು ಸೆರಗಿಗೆ ಒರೆಸಿಕೊಂಡಳು. “ಕರ್ಕೊಂಡ್ ಬರಾನ ಅಂತ ಹೋದ ವಾರ ಹೋಗಿದ್ದೆ ಅಮ್ಮಾವ್ರೆ. ನಮ್ಮವ್ವುನ್ನೇ ಅವ್ವ ಅಂತದೆ. ನಾ ಎತ್ಕೊಂಡ್ರೆ ಕಿರುಚ್ತದೆ.”



ಹಲವರು ಕೂಡಿ ಮಾಡುವ ಕೆಲಸ ತಡವಾಗುವುದು ಸಹಜ ಎಂದು ಈಗಲೂ ತರಬೇತಿಗಳಲ್ಲಿ ಹೇಳುತ್ತಾರೆ. ನನ್ನನ್ನು ಕರೆದರೆ ನಾನು ಹೇಳುವುದಿಷ್ಟೇ. ತಡವನ್ನು ನಮ್ಮ ಸಭೆಗಳಲ್ಲಿ ಅಳೆಯಬಾರದು, ಯಾರಿಗಾಗಿ ಮಾಡುತ್ತೇವೋ ಅವರ ವಯಸ್ಸಿನಲ್ಲಿ ಅಳೆಯಬೇಕು. ನಮಗದು ಒಂದು ಮಳೆಗಾಲ. ಆ ಕೂಸಿಗೆ ಅವ್ವ ಯಾರೆಂದು ತಿಳಿಯುವ ಕಾಲವೇ ಅದಾಗಿತ್ತು.