ಗಾಜಿಪುರದಲ್ಲಿ ಕೂತು ನೋಡಿದ ಸಮುದ್ರದ ತಳ

ಸಮುದ್ರವನ್ನು ನಾನು ಇಂದಿಗೂ ಕಣ್ಣಾರೆ ನೋಡಿಲ್ಲ. ಆದರೆ ಅದರ ತಳದ ಬಂಡೆಗಳನ್ನು ಗಾಜಿಪುರದ ನಮ್ಮ ಪಡಸಾಲೆಯಲ್ಲಿ ಕೂತು, ಕಣ್ಣು ಉರಿಯುವವರೆಗೂ ನೋಡಿದ್ದೇನೆ. ಬೆಳಿಗ್ಗೆ ಬಸ್ಸು ಹತ್ತಿ ಕಮಲಾಪುರದ ಕಾಲೇಜಿಗೆ ಹೋಗಿ ಪ್ರಾಣಿಶಾಸ್ತ್ರ ಕಲಿಸುವುದು, ಸಂಜೆ ಬಂದು ಲ್ಯಾಪ್‌ಟಾಪ್ ತೆರೆಯುವುದು. ಕರಾವಳಿಯ ಸಂಶೋಧನಾ ತಂಡವೊಂದು ನನಗೆ ಫೋಟೋ ಕಳಿಸುತ್ತಿತ್ತು. ನದಿ ಸಮುದ್ರ ಸೇರುವಲ್ಲಿ, ಸಿಹಿನೀರೂ ಉಪ್ಪುನೀರೂ ಬೆರೆಯುವಲ್ಲಿ, ಬಿಸಿಲು ತಳದವರೆಗೂ ಇಳಿಯುವಷ್ಟು ಆಳವಿಲ್ಲದ ಜಾಗ. ಅಲ್ಲಿಯ ಬಂಡೆಯೇ ಕಾಣದಂತೆ ಪಚ್ಚಿಲೆಗಳು, ಅಂದರೆ ಎರಡು ಚಿಪ್ಪಿನ ಜೀವಿಗಳು, ಒಂದನ್ನೊಂದು ಒತ್ತಿಕೊಂಡು ಕೂತಿರುತ್ತವೆ. ಮೈಯಿಂದ ನೂಲು ಬಿಟ್ಟು ತಮ್ಮನ್ನು ತಾವೇ ಕಲ್ಲಿಗೆ ಕಟ್ಟಿಕೊಳ್ಳುತ್ತವೆ. ಅವುಗಳ ಸಂದಿಯಲ್ಲಿ ಸಣ್ಣ ಏಡಿ, ಹುಳು, ಪಾಚಿ. ಬದುಕಿದ ಪಚ್ಚಿಲೆಗೆ ಹಸಿರು ಚುಕ್ಕೆ, ಸತ್ತದ್ದಕ್ಕೆ ಕೆಂಪು ಚುಕ್ಕೆ ಇಡುವುದು ನನ್ನ ಕೆಲಸ.

ಮನೆಯಲ್ಲಿ ಇಬ್ಬರೇ, ನಾನು ಮತ್ತು ಅತ್ಯಾ. ಅತ್ಯಾ ಎಂದರೆ ನನ್ನ ತಂದೆಯ ಅಕ್ಕ. ಮಡಿಯಲ್ಲಿ ಮಾಡಿದ ಅಡಿಗೆಯಲ್ಲದೆ ಬೇರೇನೂ ಉಣ್ಣುವವಳಲ್ಲ. ಅವಳ ಕೈಲಿ ಈಗ ಪಾತ್ರೆ ಎತ್ತಲು ಆಗುವುದಿಲ್ಲ, ಹೀಗಾಗಿ ಸ್ನಾನ ಮಾಡಿ, ಯಾರೂ ಮುಟ್ಟದ ಸೀರೆ ಉಟ್ಟು ಒಲೆ ಹಚ್ಚುವವಳು ನಾನೊಬ್ಬಳೇ. ಯಾವ ಮದುವೆಗೆ ಹೋದರೂ ಮರುದಿನ ಬೆಳಿಗ್ಗೆಯೊಳಗೆ ವಾಪಸ್ಸು. ನನಗೆ ಮೂವತ್ತಾರು ವರ್ಷ ತುಂಬಿತ್ತು. ಕೆಲವು ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತರೆ ಉಸಿರೇ ಸಿಕ್ಕಿಕೊಳ್ಳುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅಂಥದರಲ್ಲಿ ತಂಡದ ಮುಖ್ಯಸ್ಥೆ ಒಂದು ಮಾತು ಕೊಟ್ಟಿದ್ದರು. ನನ್ನ ಕೆಲಸ ಸರಿ ಬಂದರೆ ಮಳೆಗಾಲ ಮುಗಿದ ಮೇಲೆ ಎಂಟು ದಿನ ನನ್ನನ್ನೂ ಜೊತೆಗೆ ಕರೆದೊಯ್ಯುತ್ತಾರೆ, ದೋಣಿಯಲ್ಲಿ ನನಗೊಂದು ಜಾಗ. ಆ ಎಂಟು ದಿನಕ್ಕಾಗಿ ಜೀವ ಹಿಡಿದುಕೊಂಡು ಕೂತಿದ್ದೆ.

ಈಗ ನನ್ನ ಶಾಣೇತನ ಕೇಳಿ. ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ನಮ್ಮ ಕಾಲೇಜಿನ ಉರ್ದು ಮೇಡಂ. ಅವರ ಚಿಕ್ಕಮ್ಮನನ್ನು ಕರಾವಳಿಗೆ ಕೊಟ್ಟಿದ್ದಾರೆ. ಆ ಚಿಕ್ಕಮ್ಮ ಅಡಿಗೆಗೆ ಮುಂಚೆ ಬಾಯಿ ತೆರೆದ ಚಿಪ್ಪುಗಳನ್ನೆಲ್ಲ ಸತ್ತವೆಂದು ಆರಿಸಿ ಎಸೆಯುತ್ತಾರೆ ಎಂದು ಅವರು ಹೇಳಿದರು. ಕಾಲೇಜಿನ ಪ್ರಯೋಗಾಲಯದ ಬಾಟಲಿಯಲ್ಲಿ ಇಟ್ಟಿದ್ದ ಪಚ್ಚಿಲೆಯೂ ಬಾಯಿ ತೆರೆದೇ ಸತ್ತಿತ್ತು. ಮೀನಿನ ವಾಸನೆಯೇ ಸುಳಿಯದ ಮನೆಯವಳು ನಾನು, ಇನ್ನೊಂದು ಮಾತು ಯಾರನ್ನು ಕೇಳಬೇಕು? ಬಾಯಿ ತೆರೆದದ್ದಕ್ಕೆಲ್ಲ ಮೂರು ತಿಂಗಳು ಠಾಕುಠೀಕಾಗಿ ಕೆಂಪು ಚುಕ್ಕೆ ಇಟ್ಟೆ. ಇಷ್ಟೊಂದು ಸತ್ತಿವೆಯಲ್ಲ ಎಂದು ಮರುಗಿದ್ದೂ ಉಂಟು.

ಆಮೇಲೆ ಮುಖ್ಯಸ್ಥೆಯ ಫೋನ್ ಬಂತು.

“ನೀರಿನ ಹೊರಗೆ ನೀವು ಹೇಳೋದು ಸರಿ ಮೇಡಂ. ನೀರೊಳಗೆ ಬಾಯಿ ತೆರೆದಿದೆ ಅಂದ್ರೆ ಅದು ಉಸಿರಾಡ್ತಿದೆ, ಊಟ ಮಾಡ್ತಿದೆ. ಒಳಗೆ ಏನೂ ಇಲ್ಲದೆ ಖಾಲಿ ಇದ್ರೆ ಮಾತ್ರ ಸತ್ತಿರೋದು.”

ಮತ್ತೆ ಫೋಟೋ ದೊಡ್ಡದು ಮಾಡಿ ನೋಡಿದೆ. ಚಿಪ್ಪಿನ ಸೀಳಿನಲ್ಲಿ ಸೀರೆಯ ನಿರಿಗೆಯಂಥ ಸಣ್ಣ ಮೃದು ಅಂಚು, ಒಳಗಿನ ಜೀವದ್ದು. ಸಾವಿರಾರು ಸಲ ನೋಡಿದ್ದೆ, ಕಂಡಿರಲಿಲ್ಲ. ಜೀವಂತ ಊರಿಗೆ ಊರನ್ನೇ ಸಾಯಿಸಿ ಕೂತಿದ್ದೆ. ನಾಚಿಕೆಯಿಂದ ಸತ್ತೇ ಹೋದೆ ಅನ್ನಿಸಿತು. ದಸರೆಯ ರಜೆಯಷ್ಟೂ ಕೂತು ಒಂದೊಂದೇ ಚುಕ್ಕೆ ತಿದ್ದಿದೆ.

ತಿದ್ದಿದ್ದು ಸರಿ ಬಂತು. ನಾಲ್ಕು ದಿನದಲ್ಲಿ ಹೊರಡುವುದು, ಜಾಗ ನನಗೇ ಎಂದು ಫೋನಿನಲ್ಲಿ ಮುಖ್ಯಸ್ಥೆ ಖುಷಿಯಿಂದ ಹೇಳಿದರು. ಹಾಗೇ ನಗುತ್ತಾ, ಕೆಂಪು ಚುಕ್ಕೆಯ ಕತೆ ತಂಡದ ಹುಡುಗ ಹುಡುಗಿಯರಿಗೆಲ್ಲ ಗೊತ್ತು, ನಿಮ್ಮನ್ನು ನೋಡಬೇಕಂತೆ ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಈಜು ಬಾರದ, ಸಮುದ್ರ ಕಾಣದ ನಾನು ಆ ದೋಣಿಯಲ್ಲಿ ಅವರ ನಡುವೆ ಕೂತ ಚಿತ್ರ ಕಣ್ಣಿಗೆ ಬಂತು. ಬಾಯಿ ತಾನಾಗಿ ಹೇಳಿಬಿಟ್ಟಿತು: ಇಲ್ಲ ಮೇಡಂ, ನಮ್ಮ ಅತ್ಯಾ ಕಳಿಸುವುದಿಲ್ಲ, ಅವರಿಗೆ ಮಡಿಯಲ್ಲಿ ಅಡಿಗೆ ಮಾಡುವವರು ಬೇರೆ ಯಾರೂ ಇಲ್ಲ.

ಫೋನ್ ಇಟ್ಟು ತಿರುಗಿದರೆ ಬಾಗಿಲಲ್ಲಿ ಅತ್ಯಾ.

“ನಾ ಯಾವಾಗ ಬ್ಯಾಡ ಅಂದೀನಿ?” ಎಂದಳು. “ಇಷ್ಟು ವರ್ಷ ಎಷ್ಟು ಮಂದಿ ಮುಂದ ನನ್ನ ಹೆಸರು ಹಿಂಗ ಹೇಳಿದಿ?”

ಎರಡು ದಿನದ ಹಿಂದೆ ಅವಳು ಹೇಳಿದಳೆಂದು ಕಮಲಾಪುರದಿಂದ ಒಂದು ಚೀಲ ಕೆಂಪು ಬಾಳೆಹಣ್ಣು ತಂದಿದ್ದೆ. ಅಷ್ಟೊಂದು ಯಾಕೆಂದು ಆಗ ತಿಳಿಯಿತು, ಹಣ್ಣು ಹಾಲಿಗೆ ಮಡಿಯ ಒಲೆ ಬೇಕಿಲ್ಲ. ನನ್ನ ಫೋನಿನ ಮಾತೆಲ್ಲ ಕೇಳಿಸಿಕೊಂಡು ಅವಳು ತನ್ನ ಎಂಟು ದಿನದ ಏರ್ಪಾಡು ತಾನೇ ಮಾಡಿಕೊಂಡಿದ್ದಳು. ಓಡಿಹೋಗಿ ಮತ್ತೆ ಫೋನ್ ಮಾಡಿದೆ. ಜಾಗ ಇನ್ನೊಬ್ಬರಿಗೆ ಹೇಳಿಯಾಗಿತ್ತು.

ತಂಡ ದೋಣಿ ಹತ್ತಿದ ದಿನ ಎಂದಿನಂತೆ ಸ್ನಾನ ಮಾಡಿ, ಮಡಿಯುಟ್ಟು ಅನ್ನ ಸಾರು ಮಾಡಿ ಎಲೆ ಹಾಕಿದೆ. ಅತ್ಯಾ ಎಲೆಯ ಮುಂದೆ ಕೂರಲಿಲ್ಲ. ಎರಡು ಬಾಳೆಹಣ್ಣು ತಿಂದು, ಒಂದು ಲೋಟ ಹಾಲು ಕುಡಿದಳು. ಮರುದಿನವೂ ಅಷ್ಟೇ. ಬೈದೆ, ಅಳುತ್ತ ಕಾಲು ಹಿಡಿದೆ. ಹಣ್ಣು ಮುಗಿದಾಗ ಮತ್ತೆ ನಾನೇ ಕಮಲಾಪುರದಿಂದ ಹೊತ್ತು ತಂದೆ. ಮಾಡಿದ ಅಡಿಗೆಯನ್ನು ದಿನವೂ ಒಬ್ಬಳೇ ಕೂತು ಉಂಡೆ.

ಎಂಟನೆಯ ದಿನ ಸಂಜೆ ಅವಳು ಕೈ ತೊಳೆದುಕೊಂಡು ಬಂದು ನನ್ನ ಎದುರಿಗೆ ಕೂತಳು.

“ನೋಡು,” ಎಂದಳು. “ಸತ್ತೀನೇನು ನಾ?”