ನಾಲ್ಬೆರಳು ಟೈಲರ್ ಕೊಂಡ ಬಿಲ್ಲು

ನಾಲ್ಬೆರಳು ಟೈಲರ್ ಎಂಬ ಹೆಸರು ಕೇಳಿದ ಹೊಸಬರು ಮೊದಲು ನೋಡುವುದು ಆತನ ಕೈಯನ್ನು. ಐದೂ ಬೆರಳು ಭದ್ರವಾಗಿರುವುದನ್ನು ಕಂಡು ಕೊಂಚ ನಿರಾಸೆಯನ್ನೂ ಪಡುತ್ತಾರೆ. ಹೆಸರು ಬಂದದ್ದು ಬೇರೆ ಕಾರಣಕ್ಕೆ. ಮಕ್ಕಳ ಬಟ್ಟೆ ಯಾವುದೇ ಇರಲಿ, ಅಳತೆ ತೆಗೆದ ಮೇಲೆ ಟೇಪಿನ ಮೇಲೆ ನಾಲ್ಕು ಬೆರಳು ಒತ್ತಿಟ್ಟು, "ಬೆಳೆಯೋ ಮೈ, ಇಷ್ಟು ಹೆಚ್ಚಿಗೆ ಇರಲಿ" ಎಂದು ಸೇರಿಸುವುದು ಆತನ ನಲವತ್ತು ವರ್ಷದ ಪದ್ಧತಿ. ಆ ಬೀದಿಯ ಎರಡು ತಲೆಮಾರಿನ ಮಕ್ಕಳು ತಮ್ಮ ಕೈ ಎಲ್ಲಿದೆ ಎಂದು ಅಂಗಿಯ ತೋಳಿನೊಳಗೆ ಹುಡುಕಿಕೊಂಡೇ ಅಕ್ಷರ ಕಲಿತವರು. ತಾಯಂದಿರು ದೂರು ತಂದರೆ ಆತ ಕನ್ನಡಕದ ಮೇಲಿಂದ ನೋಡಿ ಹೇಳುತ್ತಿದ್ದದ್ದು ಒಂದೇ ಮಾತು: "ಬಟ್ಟೆ ಸರಿಯಾಗೇ ಇದೆಯಮ್ಮ. ಮೈ ಇನ್ನೂ ಬಂದಿಲ್ಲ." ತಪ್ಪು ಮಗುವಿನದೇ ಇರಬೇಕು ಎಂದುಕೊಂಡು ಅವರು ವಾಪಸು ಹೋಗುತ್ತಿದ್ದರು.

ಇಂಥವನ ಮೊಮ್ಮಗಳಿಗೆ ಬಿಲ್ಲು ಬೇಕಾಯಿತು. ಆರೂವರೆ ವರ್ಷದ ಪೋರಿ. ಗುಂಡಿಗಳ ಡಬ್ಬಿ ಸುರಿದುಕೊಂಡು ಅಂಗಡಿಯಲ್ಲೇ ಬೆಳೆದದ್ದರಿಂದ ಎಲ್ಲರ ಬಾಯಲ್ಲೂ ಅವಳು ಗುಂಡಿ. ಮೈದಾನದಲ್ಲಿ ಮಕ್ಕಳಿಗೆ ಬಿಲ್ಲುಗಾರಿಕೆ ಕಲಿಸುವುದನ್ನು ಬೇಲಿಯಾಚೆ ನಿಂತು ನೋಡಿದ ದಿನದಿಂದ ಅವಳಿಗೆ ಊಟ ನಿದ್ದೆ ಬೇಡ. ಅಂಗಡಿಯ ಅಳತೆಕೋಲು ಬಿಲ್ಲಾಯಿತು, ಬಗ್ಗಿ ನಿಂತ ಗಿರಾಕಿಗಳು ಗುರಿಯಾದರು.

"ಬಿಲ್ಲು ತಾನೇ? ಅಳತೆ ವಿಷಯ. ನನಗೆ ಬಿಡಿ" ಎಂದ ತಾತ. ಗುಂಡಿಯ ತಾಯಿ ಹಣೆ ಚಚ್ಚಿಕೊಂಡಳು. ಅವಳು ಆತನ ಮಗಳು. ಅವಳ ಬಾಲ್ಯವೂ ಆ ಉದ್ದ ತೋಳಿನ ಅಂಗಿಗಳೊಳಗೇ ಕಳೆದಿತ್ತು.

ಆಟದ ಸಾಮಾನಿನ ಅಂಗಡಿಯ ಒಡತಿ ಆತನನ್ನು ಕಂಡದ್ದೇ ತಡ, ನಗತೊಡಗಿದಳು. "ಗುರುತು ಸಿಗಲಿಲ್ವಾ? ನೀವು ಹೊಲಿದ ಯೂನಿಫಾರಂ ಲಂಗ ತುಳಿದು ಮೆಟ್ಟಿಲ ಮೇಲಿಂದ ಉರುಳಿದೋಳು ನಾನು. ಇಲ್ಲಿ ನೋಡಿ, ಕಲೆ."

"ಈಗ ಸರಿಹೋಗಿರಬೇಕಲ್ಲ?"

"ಕಲೆನಾ?"

"ಲಂಗ."

ಒಡತಿ ಗುಂಡಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಎತ್ತರ ನೋಡಿ, ಒಂದು ಪುಟ್ಟ ಬಿಲ್ಲು ಇಳಿಸಿದಳು. "ಮೊದಲನೇ ಬಿಲ್ಲು ಹಗುರ ಇರಬೇಕು. ಹೆದೆನ ಕೆನ್ನೆವರೆಗೂ ಎಳೆದು, ನಡುಗದೆ ಹತ್ತು ಎಣಿಸೋ ತನಕ ಹಿಡಿದ್ರೆ ಅದೇ ಇವಳ ಬಿಲ್ಲು."

ಗುಂಡಿ ಕೈ ಚಾಚುವ ಮೊದಲೇ ತಾತ ಅಡ್ಡ ಬಂದ. "ಇದು ಆಟಿಕೆ. ಬರೋ ವರ್ಷಕ್ಕೇ ಸಾಲಲ್ಲ." ಕೊರಳಿನ ಟೇಪು ಇಳಿಸಿ, ಮೊಮ್ಮಗಳ ಎರಡೂ ಕೈ ಅಗಲಿಸಿ, ತುದಿಯಿಂದ ತುದಿಗೆ ಅಳೆದ. ಆಮೇಲೆ ನಾಲ್ಕು ಬೆರಳು ಒತ್ತಿಟ್ಟ. ಆರಿಸಿದ್ದು ಅವಳಿಗಿಂತ ಒಂದು ಗೇಣು ಎತ್ತರದ, ಎರಡರಷ್ಟು ಬಿಗಿಯ ಬಿಲ್ಲು.

"ಬಿಲ್ಲನ್ನ ಮಡಚಿ ಹೊಲಿಯೋಕಾಗಲ್ಲ ಯಜಮಾನರೇ" ಎಂದಳು ಒಡತಿ.

"ಬೆಳೆಯೋ ಕೈಯಮ್ಮ" ಎಂದು ಆತ ಬಿಲ್ಲು ಹೆಗಲಿಗೇರಿಸಿ ಹೊರಟೇಬಿಟ್ಟ.

ಭಾನುವಾರ ಮೈದಾನದಲ್ಲಿ ಗುಂಡಿ ಬಿಲ್ಲನ್ನು ಎಳೆದಳೋ ಬಿಲ್ಲು ಗುಂಡಿಯನ್ನು ಎಳೆಯಿತೋ ಹೇಳುವುದು ಕಷ್ಟ. ಮುಖ ಕೆಂಪಾಯಿತು, ನಾಲಿಗೆ ಹೊರಬಂತು, ಹೆದೆ ಮಾತ್ರ ನಾಲ್ಕು ಅಂಗುಲ ಬಂದು ನಿಂತಿತು. ಬಾಣ ಪುಸಕ್ಕನೆ ಅವಳ ಕಾಲ ಬುಡದಲ್ಲೇ ಬಿತ್ತು. ಮಕ್ಕಳು ಕಿಸಕ್ಕೆಂದರು. ಕಲಿಸುವ ಮೇಡಂ ಮೈದಾನದ್ದೇ ಒಂದು ಸಣ್ಣ ಬಿಲ್ಲು ತಂದುಕೊಟ್ಟರೆ, ತಾತ ಬೇಲಿಯಾಚೆಯಿಂದಲೇ ಕೂಗಿದ: "ಬೇಡ ಮೇಡಂ, ನಮ್ಮದೇ ಇದೆ! ಕೈ ಪಳಗಲಿ!" ಮುಂದಿನ ವಾರವೂ ಅದೇ ಕಥೆ.

ಮೂರನೇ ಭಾನುವಾರ ಗುಂಡಿ ನಾಪತ್ತೆ. ಕೊನೆಗೆ ಸಿಕ್ಕಿದ್ದು ಕತ್ತರಿಸುವ ಮೇಜಿನಡಿ, ಬಟ್ಟೆ ಚೂರುಗಳ ಮಧ್ಯೆ.

"ಏಳೇ, ಹೊತ್ತಾಯ್ತು."

"ನಾನು ಇನ್ಮೇಲೆ ಹೋಗಲ್ಲ."

"ಯಾಕೆ?"

"ಬಿಲ್ಲು ಸರಿಯಾಗೇ ಇದೆ ತಾತ. ನನ್ನ ಕೈ ಇನ್ನೂ ಬಂದಿಲ್ಲ."

ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ತಾತ ಹೇಳುವ ಧಾಟಿಯಲ್ಲೇ ಹೇಳಿ ತನ್ನ ತೋಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ನಲವತ್ತು ವರ್ಷ ಆತ ಈ ಮಾತನ್ನು ಹೇಳಿದ್ದನೇ ಹೊರತು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಮಗು ಆಟ ಬಿಟ್ಟರೆ ಬಿಡಲಿ, ತನ್ನ ಕೈಯನ್ನೇ ಬೇಡವೆಂದುಬಿಟ್ಟರೆ?

ಹಾಗೆಂದು ಹಳೇ ಕುಳ ಅಷ್ಟು ಸುಲಭಕ್ಕೆ ಬಗ್ಗೀತೇ? ಬಿಲ್ಲನ್ನೂ ಗುಂಡಿಯನ್ನೂ ಎಳೆದುಕೊಂಡು ಆಟದ ಸಾಮಾನಿನ ಅಂಗಡಿಗೆ ಹೋಗಿ, "ನೀನು ಸ್ವಲ್ಪ ಬಿಗಿ ಬಿಲ್ಲು ಕೊಟ್ಟಿದ್ದೀಯ" ಎಂದು ಮೊದಲು ಒಡತಿಯ ತಲೆಗೇ ಕಟ್ಟಲು ನೋಡಿದ. ಅವಳು ಒಂದು ಚೀಟಿ ತೆಗೆದಳು. "ಬದಲಾಯಿಸಿಕೊಡೋಕೆ ಕಾರಣ ಬರೀಬೇಕು. ಏನಂತ ಬರೀಲಿ?"

"ಮಗು ಕೈಯಲ್ಲಿ ಆಗ್ತಿಲ್ಲ ಅಂತ ಬರಿ."

ಪೆನ್ನು ಓಡಿತು. ಗಲ್ಲಾಪೆಟ್ಟಿಗೆಯ ಅಂಚಿಗೆ ಗದ್ದವೂರಿ ನೋಡುತ್ತಿದ್ದ ಗುಂಡಿ ಮೆಲ್ಲಗೆ ಕೆಳಗಿಳಿದಳು. ಅವಳ ನೆತ್ತಿಯಷ್ಟೇ ಕಾಣುತ್ತಿತ್ತು.

"ಹೊಡೆದುಹಾಕು ಅದನ್ನ" ಎಂದ ತಾತ. "ಟೈಲರ್ ಅಳತೆ ತಪ್ಪಿದ ಅಂತ ಬರಿ."

"ಏನಂದ್ರಿ? ಕೇಳಿಸಲಿಲ್ಲ."

"ಕೇಳಿಸಿದೆ ನಿಂಗೆ."

"ಮೆಟ್ಟಿಲಿಂದ ಬಿದ್ದಾಗಿಂದ ಕಿವಿ ಸ್ವಲ್ಪ ಮಂದ ಯಜಮಾನರೇ."

"ಟೈಲರ್ ಅಳತೆ ತಪ್ಪಿದ!" ಎಂದು ಆತ ಅರಚಿದ. ಚೆಂಡು ಆರಿಸುತ್ತಿದ್ದವರೆಲ್ಲ ತಿರುಗಿ ನೋಡಿದರು. ಒಡತಿ ದೊಡ್ಡ ಅಕ್ಷರಗಳಲ್ಲಿ, ಬಹಳ ನಿಧಾನವಾಗಿ ಬರೆದಳು.

"ಹಾಗಾದ್ರೆ ನನ್ನ ಕೈ?" ಎಂದಳು ಗುಂಡಿ.

"ಸರಿಯಾಗಿದೆ ಕಂದ. ತಪ್ಪಿದ್ದು ನಾನು."

ಗುಂಡಿ ತನ್ನ ತೋಳನ್ನು ಮುಂದೊಮ್ಮೆ ಹಿಂದೊಮ್ಮೆ ತಿರುಗಿಸಿ ನೋಡಿಕೊಂಡಳು.

ಅಂಗಡಿಯ ಹಿಂದೆ ಅಭ್ಯಾಸಕ್ಕೆಂದು ಒಂದು ಉದ್ದನೆಯ ಓಣಿಯಿತ್ತು, ಕೊನೆಯಲ್ಲಿ ಹುಲ್ಲಿನ ಗುರಿಹಲಗೆ. ಪುಟ್ಟ ಬಿಲ್ಲಿನ ಹೆದೆ ಈ ಸಲ ನೇರ ಕೆನ್ನೆಗೆ ಬಂತು. ಒಡತಿ ಎಣಿಸತೊಡಗಿದಳು. ತಾತನೂ ಎಣಿಸಿದ, ಅವಳಿಗಿಂತ ಎರಡು ಪಟ್ಟು ವೇಗವಾಗಿ, ಮೊಮ್ಮಗಳಿಗೆ ಅನುಕೂಲವಾಗಲಿ ಎಂದು. ಗುಂಡಿ ಇಬ್ಬರ ಹತ್ತನ್ನೂ ದಾಟಿ ಹಿಡಿದೇ ಇದ್ದಳು.

"ಸಾಕು ಮರಿ, ಮೆಲ್ಲಗೆ ವಾಪಸ್ ತಾ. ಬಾಣ ಇಲ್ಲದೆ ಬಿಡಬಾರದು" ಎಂದು ಒಡತಿ ಬಾಣ ಹೂಡಿಕೊಟ್ಟಳು.

ಬಾಣ ಹಾರಿತು. ಹಲಗೆಗೆ ಇನ್ನೂ ಎರಡು ಮಾರು ದೂರ ಇರುವಾಗಲೇ ನೆಲಕ್ಕೆ ಬಿದ್ದು ಜಾರಿಕೊಂಡು ಹೋಯಿತು. ತಾತ ಸಮಾಧಾನ ಹೇಳಲು ಬಾಯಿ ತೆರೆದ.

ಗುಂಡಿ ಆತನತ್ತ ತಿರುಗಲೇ ಇಲ್ಲ. ಕಣ್ಣು ಹಲಗೆಯ ಮೇಲೇ ಇಟ್ಟು, ಬೆನ್ನ ಹಿಂದೆ ಬಚ್ಚಿಟ್ಟಿದ್ದ ಆ ತೋಳನ್ನೇ ಹಿಂದಕ್ಕೆ ಚಾಚಿ ಬೆರಳು ಆಡಿಸಿದಳು. "ಇನ್ನೊಂದು ಕೊಡು ತಾತ. ಬೇಗ."