ಟೈಲರ್ ನನಗೆ ಒಪ್ಪಿಸಿದ್ದ ಮಾತು

ಕಳೆದ ತಿಂಗಳು ಸಾಗರದಲ್ಲಿ ಬಸ್ಸಿಗೆ ಕಾಯುತ್ತ ಕೂತಿದ್ದಾಗ ಹತ್ತಿರದ ಇಸ್ತ್ರಿ ಅಂಗಡಿಯಿಂದ ಒಂದು ವಾಸನೆ ಬಂತು. ಹತ್ತಿ ಬಟ್ಟೆಗೆ ನೀರು ಚಿಮುಕಿಸಿ ಅದರ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಎಳೆದಾಗ ಏಳುತ್ತದಲ್ಲ, ಆ ಹಬೆಯ ವಾಸನೆ. ನಾನು ಎದ್ದು ಹೋಗಿ ಅಂಗಡಿಯ ಮುಂದೆ ಸುಮ್ಮನೆ ನಿಂತೆ. ಬಟ್ಟೆ ಏನಾದರೂ ಇದೆಯಾ ಎಂದು ಅಂಗಡಿಯವನು ಕೇಳಿದ. ಇಲ್ಲ ಎಂದೆ. ಅಷ್ಟರಲ್ಲಿ ನನ್ನ ಬಸ್ಸು ಬಂದು ಹೋಗಿತ್ತು. ಅರ್ಧ ಆಯುಸ್ಸು ಬಸ್ಸಿನಲ್ಲೇ ಕಂಡಕ್ಟರಾಗಿ ಕಳೆದವನು ನಾನು. ಬಸ್ಸು ತಪ್ಪಿಸಿಕೊಂಡದ್ದು ಅದೇ ಮೊದಲು.

ಆ ವಾಸನೆ ಹೊಸನಗರದಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ಟೈಲರ್ ಅವರದು. ನಮ್ಮ ಎರಡು ಮನೆಗೂ ನಡುವೆ ಒಂದೇ ಗೋಡೆ. ಮೊದಲು ಅವರಿಗೆ ಪೇಟೆಯಲ್ಲಿ ಅಂಗಡಿ ಇತ್ತಂತೆ. ಹೆಂಡತಿಯನ್ನು ಒಬ್ಬಳೇ ಬಿಡುವಂತಿಲ್ಲವೆಂದು ಅಂಗಡಿ ಮುಚ್ಚಿ, ಮಿಷನ್ನು ತಂದು ಮನೆಯ ಜಗಲಿಯಲ್ಲಿ ಹಾಕಿಕೊಂಡಿದ್ದರು. ಅವರು ರವಿಕೆ ಹೊಲಿಯುವುದು, ಆಕೆ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಅದಕ್ಕೆ ಹುಕ್ಕು ಹಾಕುವುದು. ಆಕೆ ಸೊಟ್ಟಗೆ ಹಾಕಿದ ಹುಕ್ಕುಗಳನ್ನು ಅವರು ಆಮೇಲೆ, ಆಕೆ ಒಳಗೆ ಹೋದ ಹೊತ್ತು ನೋಡಿ, ಬಿಚ್ಚಿ ಸರಿಯಾಗಿ ಹಾಕುತ್ತಿದ್ದರು.

ಆಕೆಗೆ ತಲೆ ಸರಿಯಿಲ್ಲ ಎಂದು ಬೀದಿಯೆಲ್ಲ ಹೇಳುತ್ತಿತ್ತು. ಟೈಲರ್ ಮಾತ್ರ ಒಮ್ಮೆಯೂ ಹಾಗೆ ಹೇಳಿದವರಲ್ಲ. "ಅವ್ಳಿಗೆ ಇವತ್ತು ನಿದ್ದೆ ಆಗಿಲ್ಲ" ಎನ್ನುತ್ತಿದ್ದರು, ಅಷ್ಟೆ. ಕಾಯಿಲೆ ಹೆಚ್ಚಾದಾಗ ಆಕೆ ವಾರಗಟ್ಟಲೆ ಸ್ನಾನ ಮಾಡುತ್ತಿರಲಿಲ್ಲ. ಮೈಮೇಲಿನ ಬಟ್ಟೆಯ ಪರಿವೆ ಇಲ್ಲದೆ ಬೀದಿಗೆ ಓಡಿ ಬಂದದ್ದೂ ಉಂಟು. ಬಟ್ಟೆ ಅಳೆಯುವ ಮರದ ಸ್ಕೇಲಿನಲ್ಲಿ ಗಂಡನ ಬೆನ್ನಿಗೆ ಬಾರಿಸಿದ್ದನ್ನು ನಾನೇ ನೋಡಿದ್ದೇನೆ. ಎಲ್ಲಕ್ಕಿಂತ ಕಷ್ಟದ್ದು ಊಟ. ಅನ್ನದಲ್ಲಿ ವಿಷ ಹಾಕಿದ್ದಾರೆ ಎನ್ನುವ ಭಯ ಆಕೆಗೆ. ಹಾಗಾಗಿ ದಿನವೂ ಎರಡು ಹೊತ್ತು ಆಕೆಯ ತಟ್ಟೆಯಿಂದ ಮೊದಲ ತುತ್ತು ಅವರೇ ತಿಂದು ತೋರಿಸಬೇಕಾಗಿತ್ತು. ಗೋಡೆಯ ಈಚೆ ನನಗೆ ಕೇಳಿಸುತ್ತಿತ್ತು. "ನೋಡು, ನಾ ತಿಂದೆ. ನಂಗೇನಾರೂ ಆಯ್ತಾ? ನಿಂಗೂ ಏನೂ ಆಗಿಲ್ಲ, ಆಗದೂ ಇಲ್ಲ. ತಿನ್ನು ಈಗ."

ನಾನು ಒಬ್ಬನೇ ಕೂತು ಉಣ್ಣುತ್ತಿದ್ದೆ. ಆ ಮಾತು ಕೇಳಿದಾಗಲೆಲ್ಲ ಅರ್ಧಕ್ಕೇ ಕೈ ತೊಳೆದು ಏಳುತ್ತಿದ್ದೆ. ಕನಿಕರದಿಂದಲ್ಲ. ಹೊಟ್ಟೆಕಿಚ್ಚಿನಿಂದ.

ಇದನ್ನು ಬಿಡಿಸಿ ಹೇಳಬೇಕು. ನನ್ನ ಹೆಂಡತಿಗೂ ಅದೇ ಕಾಯಿಲೆ ಇತ್ತು. ಮದುವೆಯಾಗಿ ಆರನೆಯ ವರ್ಷ ಶುರುವಾಯಿತು. ಗೋಡೆಗಳ ಜೊತೆ ಮಾತಾಡುತ್ತಿದ್ದಳು, ಒಲೆಯ ಮುಂದೆ ಕೂತರೆ ಏಳುತ್ತಿರಲಿಲ್ಲ. ನಾನು ಒಂದು ವರ್ಷ ನೋಡಿದೆ. ಆಮೇಲೆ ಒಂದು ಬೆಳಿಗ್ಗೆ ಎರಡು ಸೀರೆ ಚೀಲಕ್ಕೆ ತುಂಬಿ, ತೀರ್ಥಹಳ್ಳಿಗೆ ಹೋಗುವ ನಮ್ಮ ಬಸ್ಸಿನಲ್ಲೇ ಕೂರಿಸಿಕೊಂಡು ಹೋಗಿ ಹುಂಚದಲ್ಲಿ ಇಳಿಸಿದೆ. ಅಲ್ಲಿ ಅವಳ ಅಣ್ಣ ಕಾಯುತ್ತಿದ್ದ. ಅವಳು ಚೀಲ ಹಿಡಿದು ರಸ್ತೆ ಬದಿ ನಿಂತು, ನಾನೂ ಇಳಿಯುತ್ತೇನೆ ಎಂದುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಫುಟ್‌ಬೋರ್ಡಿನ ಮೇಲೆ ನಿಂತು ರೈಟ್ ಎಂದೆ... ಆಮೇಲೆ ವಾರಕ್ಕೆ ಆರು ದಿನ ಅದೇ ಹುಂಚದ ಮೇಲೆ ಹೋಗುತ್ತಿದ್ದೆ. ಒಂದು ದಿನವೂ ಇಳಿಯಲಿಲ್ಲ. ಮೂರು ವರ್ಷಕ್ಕೆ ಅವಳು ತೀರಿಕೊಂಡ ಸುದ್ದಿ ಬಂತು.

ಬೀದಿಯಲ್ಲಿ ಯಾರೂ ಅದನ್ನು ನನ್ನ ಮುಂದೆ ಆಡುತ್ತಿರಲಿಲ್ಲ. ಟೈಲರ್ ಬಂದ ಮೇಲೆ ಆಡುವುದಕ್ಕೆ ನೆಪ ಸಿಕ್ಕಿತು. ಅವರನ್ನು ಹೊಗಳಿದರೆ ಸಾಕು, ನನ್ನನ್ನು ಬೈದಂತೆಯೇ. ನಲ್ಲಿಯ ಹತ್ತಿರ ಹಾಲು ಹಾಕುವ ಹೆಂಗಸು ಒಂದು ದಿನ ಎಲ್ಲರಿಗೂ ಕೇಳುವ ಹಾಗೆ ಅಂದಳು: "ಕೆಲವ್ರು ಟಿಕೆಟ್ ಹರ್ದು ಕೊಟ್ಟು ಅರ್ಧದಲ್ಲೇ ಇಳಿಸ್ತಾರೆ. ಕೆಲವ್ರು ಕೊನೇ ಸ್ಟಾಪ್ ತನ್ಕ ಜೊತೆಗೇ ಕೂರ್ತಾರೆ. ಅವ್ರವ್ರ ಗುಣ ಕಣೇ." ನನ್ನ ಕೊಡ ತುಂಬಿ ಹರಿಯುತ್ತಿತ್ತು. ನಾನು ನಲ್ಲಿ ನಿಲ್ಲಿಸದೆ ಬಂದುಬಿಟ್ಟೆ.

ಅವತ್ತಿನಿಂದ ಅವರು ಮಾಡುವುದೆಲ್ಲ ನನಗೆ ತೋರಿಕೆಯಂತೆ ಕಾಣತೊಡಗಿತು. ಆಕೆಗೆ ತಲೆ ಬಾಚುವುದು, ಸಂಜೆ ಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ತನಕ ನಡೆಸಿಕೊಂಡು ಹೋಗುವುದು... ಜನ ನೋಡಲಿ ಎಂದೇ ಮಾಡುತ್ತಾನೆ ಎಂದು ಮನಸ್ಸಿನಲ್ಲೇ ಏಕವಚನದಲ್ಲಿ ಬೈಯುತ್ತಿದ್ದೆ. ಅವರು ಮಾತ್ರ ನನ್ನನ್ನು ಬಹಳ ನಂಬಿದ್ದರು. ಏನೇ ಇದ್ದರೂ "ಕಂಡಕ್ಟ್ರೇ, ಒಂಚೂರು ಬನ್ನಿ" ಎಂದು ಕರೆಯುತ್ತಿದ್ದರು.

ಆಕೆಗೆ ಸರ್ಕಾರದಿಂದ ಅಂಗವಿಕಲರ ಪಿಂಚಣಿ ಬರುತ್ತಿತ್ತು. ಅಂಗಡಿ ಮುಚ್ಚಿ ಮನೆಯಲ್ಲೇ ಕೂತು ಸಂಸಾರ ನಡೆಸುವುದಕ್ಕೆ, ತಿಂಗಳ ಮಾತ್ರೆಗೆ, ಅದೇ ಆಸರೆ. ಐದಾರು ವರ್ಷದ ಹಿಂದೆ ಅದು ಇದ್ದಕ್ಕಿದ್ದಂತೆ ನಿಂತಿತು. ಹಳೆಯ ಸರ್ಟಿಫಿಕೇಟು ಇನ್ನು ನಡೆಯುವುದಿಲ್ಲ, ಎಲ್ಲರೂ ಕಂಪ್ಯೂಟರಿನ ಹೊಸ ಕಾರ್ಡು ಮಾಡಿಸಬೇಕು, ಅದಕ್ಕೆ ಡಾಕ್ಟರು ಮತ್ತೆ ನೋಡಿ ಕಾಯಿಲೆ ಎಷ್ಟಿದೆ ಎಂದು ಪರ್ಸೆಂಟೇಜು ಕೊಡಬೇಕು ಎಂದರು. ಟೈಲರ್ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ತುಂಬಿಕೊಂಡು ತಾಲ್ಲೂಕು ಕಚೇರಿ, ಬ್ಯಾಂಕು, ಝೆರಾಕ್ಸ್ ಅಂಗಡಿ ಎಂದು ಅಲೆದರು. ಎಲ್ಲಿ ಹೋದರೂ ಆಕೆಯನ್ನು ಜೊತೆಗೇ ಕರೆದುಕೊಂಡು. ಹೊಲಿಯಲು ಕೊಟ್ಟ ಬಟ್ಟೆಗಳನ್ನು ಜನ ವಾಪಸು ಒಯ್ಯತೊಡಗಿದರು. ಅದನ್ನೆಲ್ಲ ನೋಡಿ ನನಗೆ ಒಳಗೊಳಗೇ ಹಿತವಾಗುತ್ತಿತ್ತು. ಎಷ್ಟು ದಿನ ನಡೆಸುತ್ತಾನೆ ನೋಡೋಣ ಅಂತ.

ಕೊನೆಗೆ ಸಾಗರದ ಒಂದು ಶಾಲೆಯಲ್ಲಿ ಕ್ಯಾಂಪು ಇದೆ ಎಂದು ಗೊತ್ತಾಯಿತು. ಪಂಚಾಯಿತಿಯಲ್ಲಿ ಈ ಕೆಲಸ ನೋಡುವ ಹುಡುಗಿ ಮನೆಗೇ ಬಂದು ಹೇಳಿ ಹೋದಳು. "ನೋಡಿ, ಡಾಕ್ಟ್ರು ಪ್ರಶ್ನೆ ಕೇಳ್ತಾರೆ. ಸ್ನಾನ ಯಾರು ಮಾಡಿಸ್ತಾರೆ, ಊಟ ಹೆಂಗೆ, ಹೊರಗೆ ಹೋದ್ರೆ ಏನಾಗತ್ತೆ ಅಂತ. ಇದ್ದದ್ದು ಇದ್ದಂಗೇ ಹೇಳ್ಬೇಕು. ಪರ್ಸೆಂಟ್ ಕಮ್ಮಿ ಆದ್ರೆ ಪಿಂಚಣಿ ಬರಲ್ಲ. ಅಕ್ಕಪಕ್ಕದವ್ರು ಯಾರಾದ್ರೂ ಜೊತೆಗಿದ್ರೆ ಒಳ್ಳೇದು."

ಅವಳು ಹೋದ ಮೇಲೆ ಟೈಲರ್ ನಮ್ಮ ಮನೆಯೊಳಗೆ ಬಂದು ಬಾಗಿಲು ಮುಂದೆ ಮಾಡಿದರು.

"ಕಂಡಕ್ಟ್ರೇ, ನೀವು ಬರ್ಬೇಕು. ಅಲ್ಲಿ ನೀವೇ ಹೇಳ್ಬೇಕು."

"ನೀವಿರ್ತೀರಲ್ಲ ಟೈಲರ್ರೇ, ನಂದೇನು?"

"ನಂಗೆ ಅವ್ಳ ಎದ್ರು ಆಗಲ್ಲ. ನಿಂಗೇನೂ ಆಗಿಲ್ಲ, ನಿಂಗೇನೂ ಆಗಿಲ್ಲ ಅಂತ ಹೇಳ್ಕಂಡೇ ಇಷ್ಟು ವರ್ಷ ಉಣ್ಸಿದೀನಿ. ಇವತ್ತು ನನ್ ಬಾಯಲ್ಲೇ ಇವ್ಳಿಗೆ ಹುಚ್ಚು ಅಂತ ಬಂದ್ರೆ, ನಾಳೆಯಿಂದ ನಾ ಕೊಟ್ಟ ಅನ್ನ ಮುಟ್ತಾಳಾ?"

ಅವರ ಕಣ್ಣಲ್ಲಿ ನೀರಿತ್ತು. ನಾನು ಆಗಲಿ ಎಂದೆ.

ಕ್ಯಾಂಪಿನ ದಿನ ಆಕೆಗೆ ಅವರು ಇಸ್ತ್ರಿ ಮಾಡಿದ ಸೀರೆ ಉಡಿಸಿ, ಮುಡಿಗೆ ಅಬ್ಬಲಿಗೆ ದಂಡೆ ಮುಡಿಸಿ ಕರೆತಂದಿದ್ದರು. ನಾಲ್ಕು ಜನ ಸೇರುವ ಕಡೆಗೆ ಹೆಂಡತಿಯನ್ನು ಕೆದರಿದ ತಲೆಯಲ್ಲಿ ಹೇಗೆ ಕರೆದೊಯ್ಯುವುದು ಎನ್ನುವ ಮನುಷ್ಯ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ನಾನು ಅವರ ಹಿಂದಿನ ಸೀಟಿನಲ್ಲಿ. ಸಾಗರ ಬರುವ ತನಕ ಆಕೆ ಗಂಡನ ಭುಜಕ್ಕೆ ತಲೆ ಇಟ್ಟು ನಿದ್ದೆ ಮಾಡಿದಳು. ಹೂವು ನನ್ನ ಕಣ್ಣೆದುರೇ ಅಲುಗಾಡುತ್ತಿತ್ತು. ನನ್ನ ಹೆಂಡತಿ ಕೊನೆಯ ಸಲ ಬಸ್ಸಿನಲ್ಲಿ ಕೂತಿದ್ದು ಹಿಂದಿನ ಬಾಗಿಲ ಹತ್ತಿರದ ಸೀಟಿನಲ್ಲಿ, ಒಬ್ಬಳೇ. ಬೇರೆಯವರಿಗೆ ಟಿಕೆಟ್ ಕೊಡುವ ನೆಪದಲ್ಲಿ ನಾನು ಅವಳ ಹತ್ತಿರ ಸುಳಿದಿರಲಿಲ್ಲ...

ಶಾಲೆಯ ಒಂದು ಕೋಣೆಯಲ್ಲಿ ಡಾಕ್ಟರು ಕೂತಿದ್ದರು. ಹಿಂದೆ ದೊಡ್ಡ ಸಾಲು. ಆಕೆಯನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಆ ದಿನ ಆಕೆ ಶಾಂತವಾಗಿದ್ದಳು. ಹೆಸರು, ಊರು ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿದಳು.

"ಸ್ನಾನ ಅವ್ರೇ ಮಾಡ್ತಾರಾ?" ಡಾಕ್ಟರು ಟೈಲರನ್ನು ಕೇಳಿದರು.

ಆಕೆ ಗಂಡನ ಮುಖ ನೋಡಿದಳು. ಅವರು ಕೆಳಗೆ ನೋಡಿದರು. "ಮಾಡ್ತಾಳೆ ಸಾರ್."

"ಅಡುಗೆ, ಊಟ?"

"ಎಲ್ಲ... ಮಾಡ್ತಾಳೆ ಸಾರ್."

ಡಾಕ್ಟರು ಬರೆದುಕೊಂಡು ನನ್ನ ಕಡೆ ತಿರುಗಿದರು. "ನೀವು ಪಕ್ಕದ ಮನೆಯವ್ರಾ? ಹೆಂಗಿರ್ತಾರೆ ಇವ್ರು?"

ಟೈಲರ್ ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಎಲ್ಲವೂ ಇತ್ತು. ನನ್ನ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಆದರೆ ಆ ಕ್ಷಣಕ್ಕೆ ಆಕೆಯ ಕೈ ಅವರ ಕೈಯೊಳಗೆ ಇರುವುದು ನನಗೆ ಕಂಡಿತು.

"ಚೆನ್ನಾಗೇ ಇರ್ತಾರೆ ಸಾರ್," ಎಂದೆ. "ಅವ್ರು ಹೇಳಿದಂಗೇ."

ಪರ್ಸೆಂಟೇಜು ಸಾಕಾಗಲಿಲ್ಲ. ಡಾಕ್ಟರ ತಪ್ಪೇನೂ ಇಲ್ಲ. ನಾವು ಹೇಳಿದ್ದನ್ನು ಅವರು ಬರೆದರು. ಹೊರಗೆ ಬಂದ ಮೇಲೆ ಟೈಲರ್ ನನ್ನನ್ನು ಬೈಯಬಹುದಿತ್ತು. ಬೈಯಲಿಲ್ಲ. "ನೀವೂ ಹೆದ್ರಿಬಿಟ್ರಾ ಕಂಡಕ್ಟ್ರೇ? ಹೋಗ್ಲಿ ಬಿಡಿ, ಡಾಕ್ಟ್ರ ಮುಂದೆ ನಂಗೂ ಬಾಯಿ ಕಟ್ಟೋಯ್ತು" ಎಂದು ನನಗೇ ಸಮಾಧಾನ ಹೇಳಿದರು. ನಾನು ತಲೆ ಆಡಿಸಿದೆ.

ಪಂಚಾಯಿತಿಯ ಹುಡುಗಿ ಮರುಪರೀಕ್ಷೆಗೆ ಅರ್ಜಿ ಹಾಕಿಸಿದಳು. ಕೆಲವು ತಿಂಗಳಾದ ಮೇಲೆ ಮತ್ತೆ ಕರೆ ಬಂತು. ಅಷ್ಟರಲ್ಲಿ ಅವರು ಮಾತ್ರೆಯನ್ನು ಸಾಲವಾಗಿ ತರುವ ಹಂತಕ್ಕೆ ಬಂದಿದ್ದರು. ಮತ್ತೆ ನನ್ನ ಬಾಗಿಲಿಗೆ ಬಂದರು. ನಾನು ಮಂಡಿನೋವು ಎಂದೆ. ಮಂಡಿ ಚೆನ್ನಾಗಿಯೇ ಇತ್ತು.

ಆ ಸಲ ಅವರಿಬ್ಬರೇ ಹೋದರು. ಹೇಳಲು ಬೇರೆ ಯಾರೂ ಇರಲಿಲ್ಲ, ಹಾಗಾಗಿ ಅವರೇ ಹೇಳಿದರು. ಆಕೆಯ ಎದುರೇ, ಸ್ನಾನದ್ದು, ಬಟ್ಟೆಯದ್ದು, ಬೀದಿಗೆ ಓಡಿ ಬಂದದ್ದು, ವಿಷದ್ದು, ಎಲ್ಲ. ಹೊಸ ಕಾರ್ಡು ಬಂತು. ಪಿಂಚಣಿಯೂ ಬಂತು. ಆ ದಿನ ಸಂಜೆ ಅವರಿಬ್ಬರೂ ಬಸ್ಸಿಳಿದು ಬರುವಾಗ ನೋಡಿದೆ, ಆಕೆ ನಾಲ್ಕು ಮಾರು ಮುಂದೆ ನಡೆಯುತ್ತಿದ್ದಳು.

ಮರುದಿನ ಗೋಡೆಯ ಆಚೆಯಿಂದ "ನೋಡು, ನಾ ತಿಂದೆ" ಎನ್ನುವ ದನಿ ಕೇಳಿತು. ಮತ್ತೆ ಕೇಳಿತು. ಆಮೇಲೆ ತಟ್ಟೆ ನೆಲಕ್ಕೆ ಬಿದ್ದ ಸದ್ದು. ಎಷ್ಟೋ ದಿನ ಅದೇ ನಡೆಯಿತು. ಅವರು ಎಷ್ಟು ತುತ್ತು ತಿಂದು ತೋರಿಸಿದರೂ ಆಕೆ ಬಾಯಿ ತೆರೆಯಲಿಲ್ಲ. ಒಣಗಿ ಕಡ್ಡಿಯಾದ ಮೇಲೆ, ಹೊನ್ನೆಮರಡಿನ ಕಡೆ ಇದ್ದ ಆಕೆಯ ಅಕ್ಕ ಬಂದು ಕೈತುತ್ತು ಕೊಟ್ಟರೆ ಉಂಡಳು. ಬೇರೆ ದಾರಿ ಇರಲಿಲ್ಲ. ಅಕ್ಕನ ಮನೆಗೇ ಕಳಿಸಿದರು.

ಆಮೇಲೆ ಒಂದೇ ಗೋಡೆಯ ಎರಡು ಕಡೆ ಎರಡು ಒಂಟಿ ಗಂಡಸರು. ನಾನು ಬರೆಯಲೇಬೇಕಾದದ್ದು ಇದು: ನನಗೆ ಸಮಾಧಾನವಾಯಿತು. ಈಗ ಇವರೂ ನನ್ನ ಹಾಗೆಯೇ ಎಂದು. ಆ ಸಮಾಧಾನ ಒಂದು ವಾರ ಇತ್ತೋ ಇಲ್ಲವೋ. ಭಾನುವಾರ ಬೆಳಿಗ್ಗೆ ಅವರು ಹೊಸದಾಗಿ ಹೊಲಿದ ರವಿಕೆ ಮಡಿಸಿ ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಹೊರಟರು. ಮುಂದಿನ ಭಾನುವಾರವೂ. ಆಕೆ ಮಾತಾಡುತ್ತಿರಲಿಲ್ಲವಂತೆ. ಆದರೂ ಹೋಗಿ ಸಂಜೆಯ ತನಕ ಅಲ್ಲೇ ಕೂತು ಬರುತ್ತಿದ್ದರು. ಸಾಯುವ ಹಿಂದಿನ ಭಾನುವಾರದ ತನಕ ಒಂದು ವಾರವೂ ತಪ್ಪಿಸಲಿಲ್ಲ. ಅವರು ಹೋಗಿ ಈಗ ಎರಡು ವರ್ಷ.

ಇಸ್ತ್ರಿ ಅಂಗಡಿಯ ಮುಂದೆ ನಿಂತು ಬಂದ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಹೋದ ವಾರ ಆ ಅಕ್ಕನ ಮನೆ ಹುಡುಕಿಕೊಂಡು ಹೋದೆ. ಲಿಂಗನಮಕ್ಕಿಯ ಹಿನ್ನೀರು ಕಾಣುವ ಜಗಲಿಯಲ್ಲಿ ಆಕೆ ಕೂತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನ ಗುರುತು ಸಿಕ್ಕಿತು. "ಕಂಡಕ್ಟ್ರಣ್ಣ ಅಲ್ವಾ? ಕುತ್ಕಳಿ" ಎಂದಳು.

ನಾನು ಎಲ್ಲವನ್ನೂ ಹೇಳಿದೆ. ಆ ಮಾತನ್ನು ಆಡಬೇಕಾದವನು ನಾನಾಗಿದ್ದೆ, ನಿನ್ನ ಗಂಡ ಅದನ್ನು ನನ್ನ ಕೈಗೆ ಒಪ್ಪಿಸಿದ್ದರು, ಹೊಟ್ಟೆಕಿಚ್ಚಿಗೆ ಬಾಯಿ ಮುಚ್ಚಿಕೊಂಡೆ ಎಂದು. ಆಕೆ ನೀರಿನ ಕಡೆ ನೋಡುತ್ತ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇದನ್ನ ಅವ್ರಿಗೆ ಹೇಳಿದ್ರಾ?"

"ಇಲ್ಲ."

"ಹೇಳ್ಬೇಕಿತ್ತಣ್ಣ. ಅವ್ರು ಎಲ್ಲ ತನ್ದೇ ತಪ್ಪು ಅನ್ಕಂಡೇ ಹೋದ್ರು."

ಅಷ್ಟೇ ಅಂದಳು. ಬೈಯಲಿಲ್ಲ, ಅಳಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತೆ. ನಾಚಿಕೆ ಆಗುತ್ತಿತ್ತು. ಆ ನಾಚಿಕೆಯ ಕೆಳಗೆ, ಇಷ್ಟಾದ ಮೇಲೂ, ಹಳೆಯ ಉರಿ ಸಣ್ಣಗೆ ಇತ್ತು. ಟೈಲರ್ ಏನಂದುಕೊಂಡು ಸತ್ತರು ಎಂದು ಬಲ್ಲ ಒಂದು ಜೀವ ಅವರಿಗೆ ಇದೆ. ನನ್ನವಳು ಹುಂಚದಲ್ಲಿ ಏನಂದುಕೊಂಡು ಹೋದಳೋ... ನಾನು ಯಾರನ್ನೂ ಕೇಳಿರಲಿಲ್ಲ. ಅವಳ ಅಣ್ಣನೂ ಈಗಿಲ್ಲ.